ಮಂಡೆಬಿಸಿ, ಕಾಲುಬಿಸಿ

ನಮ್ಮ ಕಡೆ ಚಿಂತೆಗೆ ಮಂಡೆಬಿಸಿ ಅನ್ನುವುದು. ಕಾಲುಬಿಸಿ ಎಂಬ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿದವನಲ್ಲ. ಉಪ್ಪಳದ ಸರ್ವಿಸ್ ರಸ್ತೆಯಲ್ಲಿ ನಿಂತು ನಿಂತು ಅದನ್ನು ನಾನೇ ಹುಟ್ಟಿಸಬೇಕಾಯಿತು.

ಕರ್ನಾಟಕ-ಕೇರಳ ಗಡಿಯ ತಲಪಾಡಿಯಿಂದ ಕಾಸರಗೋಡಿನ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಲೇನ್ ಆಗುತ್ತಿದ್ದ ಕಾಲ ಅದು. ನನ್ನ ಮನೆ ನೀರ್ಚಾಲಿನ ಹತ್ತಿರ, ಶಾಲೆ ಉಪ್ಪಳದ ಹತ್ತಿರ. ಸೀತಾಂಗೋಳಿಯಾಗಿ ಕುಂಬಳೆಗೆ ಬರುವವರೆಗೆ ಗುಡ್ಡೆ, ತೋಟ, ಗಾಳಿ. ಕುಂಬಳೆಯಲ್ಲಿ ಹೆದ್ದಾರಿಗೆ ಇಳಿದ ಮೇಲೆ ಶಿರಿಯ, ಬಂದ್ಯೋಡು, ನಯಾಬಜಾರ್ ಅಂತ ಊರಿಗೊಂದು ವಾಹನಗಳ ಸಾಲು. ಎದುರು ಟಿಪ್ಪರ್, ಹಿಂದೆ ಬಸ್ಸು, ಪಕ್ಕದಲ್ಲಿ ಕಾಂಕ್ರೀಟಿನ ಗೋಡೆ. ಫೆಬ್ರವರಿ ಕಳೆಯಿತೆಂದರೆ ಬೆಳಿಗ್ಗೆ ಒಂಬತ್ತೂವರೆಗೇ ಅಂಗಿ ಬೆನ್ನಿಗೆ ಅಂಟುತ್ತದೆ. ಅದರ ಮೇಲೆ ಈ ಬೈಕು.

ಬೈಕು ಎಂದರೆ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. 2019ರ ಬಿಎಸ್4 ಮಾದರಿ, ಸೆಕೆಂಡ್ ಹ್ಯಾಂಡ್. ಕಣ್ಣೂರಿನ ಕಡೆಯ ಒಬ್ಬರಿಂದ ತಂದದ್ದು, ಮೀಟರಿನಲ್ಲಿ ಆಗ 21,000 ಚಿಲ್ಲರೆ ಇತ್ತು. 648 ಸಿಸಿ, ಎರಡು ಸಿಲಿಂಡರ್, 47 ಕುದುರೆಶಕ್ತಿ, 200 ಕಿಲೋ ಮೀರಿದ ಮೈ. ರಜೆ ಸಿಕ್ಕಿದರೆ ಸಾಕು, ಕೊಡಗು, ವಯನಾಡು ಅಂತ ಹೊರಡುವ ಹುಚ್ಚಿಗೆ ಹೇಳಿ ಮಾಡಿಸಿದಂಥ ಗಾಡಿ. ಆದರೆ ಇದಕ್ಕೆ ನೀರಿನ ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ. ಸಿಲಿಂಡರಿನ ಮೈಮೇಲಿನ ರೆಕ್ಕೆಗಳಿಗೆ ತಾಗುವ ಗಾಳಿ, ಎದುರಿಗೆ ಕಟ್ಟಿದ ಆಯಿಲ್ ಕೂಲರ್, ಇಷ್ಟರಲ್ಲೇ ತಣ್ಣಗಾಗಬೇಕು. ಓಡುತ್ತಿದ್ದರೆ ಏನೂ ತಕರಾರಿಲ್ಲ. ಐದು ನಿಮಿಷ ನಿಂತರೆ ಬಲಗಾಲಿನ ಮೀನಖಂಡಕ್ಕೆ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದ ಹಾಗೆ.

ಒಮ್ಮೆ ಮಧೂರು ದೇವಸ್ಥಾನಕ್ಕೆ ಹೋಗಿ ಬಂದ ಮೇಲೆ ನನ್ನವಳು ಹೇಳಿದ್ದು ಇಷ್ಟು: "ಬಚ್ಚಲೊಲೆ ಹತ್ತರೆ ಕೂದ ಹಾಂಗೆ ಆವುತ್ತು. ಇನ್ನಾಣ ಸರ್ತಿ ಬಸ್ಸಿಲಿ ಹೋಪ."

ಬಸ್ಸು ಅಂದದ್ದು ನನಗೆ ನಾಟಿತು.

ನಾನು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವನು. ಬಿಸಿ ಆಗುತ್ತದೆ ಅಂದರೆ ಎಷ್ಟು ಬಿಸಿ ಎಂದು ಕೇಳದೆ ಇರಲಾಗುವುದಿಲ್ಲ. ದೂರದಿಂದಲೇ ಉಷ್ಣ ಅಳೆಯುವ ಇನ್‌ಫ್ರಾರೆಡ್ ಗನ್ನೊಂದನ್ನು ತರಿಸಿದೆ. ಶಾಲೆ ತಲಪಿದ ಕೂಡಲೇ ಮಾವಿನ ಮರದ ಅಡಿಯಲ್ಲಿ ಇಂಜಿನ್ ಬಂದ್ ಮಾಡದೆ ಸೈಲೆನ್ಸರ್ ಕೊಳವೆಗೆ ಹಿಡಿದು ನೋಡಿದರೆ 94 ಡಿಗ್ರಿ ತೋರಿಸಿತು. ಕುದಿಯುವ ನೀರಿಗಿಂತ ಕಡಿಮೆ ಅಂತಾಯಿತು! ಬಾಟಲಿಯಿಂದ ಒಂದು ಹನಿ ನೀರು ಬಿಟ್ಟೆ. ಹನಿ ಕೊಳವೆಗೆ ಅಂಟಲೇ ಇಲ್ಲ, ಕಾವಲಿಯ ಮೇಲೆ ಕುಣಿಯುವ ಹಾಗೆ ಚುರ್ ಎಂದು ಹಾರಿ ನೆಲಕ್ಕೆ ಬಿತ್ತು. ಮೂವತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಸಿದ ಪಾಠ ಆಗ ನೆನಪಾಯಿತು. ಹೊಳೆಯುವ ಕ್ರೋಮು ತನ್ನ ಬಿಸಿಯನ್ನು ಕಿರಣವಾಗಿ ಬಿಡುವುದು ಬಹಳ ಕಡಿಮೆ. ಗನ್ನು ನೋಡುವುದು ಅದರಲ್ಲಿ ಪ್ರತಿಫಲಿಸುವ ಮಾವಿನ ಮರವನ್ನೋ ನನ್ನ ಅಂಗಿಯನ್ನೋ. ಕುಂಬಳೆಯ ಪೈಂಟಿನ ಅಂಗಡಿಯಲ್ಲಿ ಬಿಸಿ ತಾಳುವ ಕಪ್ಪು ಪೈಂಟಿನ ಡಬ್ಬಿ ತಂದು, ಬಲಬದಿಯ ಇಂಜಿನ್ ಕವರಿನ ಮೇಲೆ ಒಂದು, ಫುಟ್‌ರೆಸ್ಟಿನ ಹತ್ತಿರದ ಕೊಳವೆಯ ಮೇಲೆ ಒಂದು, ಎಂಟಾಣೆ ಅಗಲದ ಎರಡು ಬೊಟ್ಟು ಇಟ್ಟೆ. ಮರುದಿನ ಅದೇ ಕೊಳವೆ 312 ತೋರಿಸಿತು. ಇಂಜಿನ್ ಕವರು 118. ಇನ್ನೂರು ರೂಪಾಯಿಯ ತಂತಿ ಥರ್ಮಾಮೀಟರೊಂದನ್ನು ಸಾಕ್ಸಿಗೆ ಸಿಕ್ಕಿಸಿ ನೋಡಿದ್ದೂ ಉಂಟು. ಉಪ್ಪಳದ ಸಾಲಿನಲ್ಲಿ ಪ್ಯಾಂಟಿನ ಒಳಗೆ 52. ಇದಾದ ಮೇಲೆ ಎಲ್ಲವನ್ನೂ ಇದೇ ಮೂರು ಜಾಗದಲ್ಲಿ, ಇದೇ ದಾರಿ ಬಂದು, ಐದು ನಿಮಿಷ ನಿಲ್ಲಿಸಿ ಅಳೆಯುವುದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಬೈಕಿನ ವಿಷಯದಲ್ಲಿ ಊರಿನ ಹುಡುಗರಿಗೆ ಇರುವಷ್ಟು ಧೈರ್ಯ ಬೇರೆ ಯಾರಿಗೂ ಇಲ್ಲ. "ಮಾಸ್ಟ್ರೇ, ಕಂಪೆನಿ ಸೈಲೆನ್ಸರಿನಲ್ಲಿ ಹೊಗೆ ಕಟ್ಟುತ್ತದೆ, ಅದಕ್ಕೇ ಬಿಸಿ. ಫ್ರೀ ಫ್ಲೋ ಹಾಕಿ, ಮಂಜುಗಡ್ಡೆ ಆಗುತ್ತದೆ," ಎಂದ ಒಬ್ಬ, ನನ್ನ ಹಳೆಯ ಶಿಷ್ಯನೇ. ಮಾತು ತೀರಾ ಸುಳ್ಳೂ ಅಲ್ಲ. ಪೆಟ್ರೋಲು ಉರಿದು ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸುವುದು ಸುಮಾರು ಮೂರರಲ್ಲಿ ಒಂದು ಪಾಲು. ಇನ್ನೊಂದು ಪಾಲು ಹೊಗೆಯ ಜೊತೆ ಕೊಳವೆಯಲ್ಲಿ ಹೋಗುತ್ತದೆ, ಉಳಿದದ್ದು ಇಂಜಿನ್ನಿನ ಮೈಯಿಂದ. ಹೊಗೆ ಬೇಗ ಹೋದರೆ ಬಿಸಿಯೂ ಬೇಗ ಹೋಗಬೇಕಲ್ಲವೇ ಎಂದು ನನಗೂ ಅನಿಸಿತು. 14,000 ರೂಪಾಯಿ ಕೊಟ್ಟು ಒಂದು ಜೋಡಿ ಸ್ಲಿಪ್‌ಆನ್ ಸೈಲೆನ್ಸರ್ ತರಿಸಿದೆ. ಕೊಳವೆ ಮುಟ್ಟುವುದಿಲ್ಲ, ಹಿಂದಿನ ಬುರುಡೆ ಮಾತ್ರ ಬದಲು. ಹಾಕಲು ಅರ್ಧ ಗಂಟೆ ಸಾಕಾಯಿತು.

ಕೊಳವೆಯ ಬೊಟ್ಟು: 309. ಕವರು: 117. ಸಾಕ್ಸು: 52.

ಬೈಕು ಆರೇಳು ಕಿಲೋ ಹಗುರವಾದದ್ದು ಲಾಭ. ಆದರೆ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಹಿಂದಿನಿಂದ ಚಟಪಟ ಸಿಡಿತ ಶುರುವಾಯಿತು, ಒಳಗೆ ಉರಿಯದೆ ಉಳಿದ ಪೆಟ್ರೋಲಿನ ಆವಿ ಕೊಳವೆಯಲ್ಲಿ ಗಾಳಿ ಸಿಕ್ಕಿ ಉರಿಯುವ ಸದ್ದು. ಶಾಲೆಯ ಗೇಟಿಗೆ ಬರುವ ಎರಡು ನಿಮಿಷ ಮೊದಲೇ ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ಬಂದದ್ದು ಗೊತ್ತಾಗುತ್ತಿತ್ತು. ಮೂರನೆಯ ದಿನ ನಾನು ಒಳಗೆ ಹೋಗುವಾಗ ಇಡೀ ಕ್ಲಾಸು ಪುಸ್ತಕ ಬಿಚ್ಚಿ ಶಿಲೆಗಳ ಹಾಗೆ ಕೂತಿತ್ತು. ಮಾಸ್ಟ್ರುಗಿರಿಯಲ್ಲಿ ಅಷ್ಟು ಶಿಸ್ತು ನಾನು ಕಂಡದ್ದಿಲ್ಲ. ಆ ಶಿಸ್ತಿಗೆ ಕಾರಣ ನಾನಲ್ಲ, ಸೈಲೆನ್ಸರ್ ಎಂಬುದು ತಿಳಿದಾಗ ಮುಖ ಸಪ್ಪೆಯಾಯಿತು.

ಕಾನೂನಿನ ಕಡೆ ನೋಡಿದ್ದೂ ಆಗಲೇ. ಕೊಳ್ಳುವ ಮೊದಲು ನೋಡಬೇಕಿತ್ತು, ಒಪ್ಪುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮಾಲೀಕ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಅದಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಎನ್ನುತ್ತದೆ. ಹೊಗೆ, ಸದ್ದಿನ ಮಿತಿ ಮೀರಿದರೆ 190(2) ಬೇರೆಯೇ ಉಂಟು, 10,000 ರೂಪಾಯಿವರೆಗೆ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೂ ಕುತ್ತು. 175 ಸಿಸಿ ಮೀರಿದ ಬೈಕಿಗೆ ತಯಾರಿಕೆಯ ಹಂತದಲ್ಲಿ ಇಟ್ಟ ಸದ್ದಿನ ಮಿತಿ 80 ಡೆಸಿಬೆಲ್. ವಾಹನದ ಮೂಲರೂಪ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಗಟ್ಟಿಯಾಗಿ ಹೇಳಿದ್ದು ಕೇರಳದಿಂದ ಹೋದ ಮೊಕದ್ದಮೆಯಲ್ಲೇ. ತಲಪಾಡಿಯ ಆಚೆ ಹೇಗೋ ಏನೋ, ಈಚೆ ಇದನ್ನೆಲ್ಲ ನೋಡುವ ಕಣ್ಣುಗಳು ಸ್ವಲ್ಪ ಹೆಚ್ಚೇ ತೆರೆದಿರುತ್ತವೆ. ಮಕ್ಕಳಿಗೆ ಹೆಲ್ಮೆಟ್ಟಿನ ಬುದ್ಧಿ ಹೇಳುವವನು ದಾರಿಬದಿಯಲ್ಲಿ ದಂಡದ ಚೀಟಿ ಹಿಡಿದು ನಿಂತರೆ ಚಂದವಲ್ಲ. ಮೂರು ವಾರದಲ್ಲಿ ಬುರುಡೆ ಕಳಚಿ ಕಂಪೆನಿಯದ್ದನ್ನೇ ಸಿಕ್ಕಿಸಿದೆ. ತೆಗೆದದ್ದನ್ನು 7,000ಕ್ಕೆ ಕೊಂಡುಹೋದವನಿಗೂ ಇದೇ ಕಲಮುಗಳನ್ನು ಓದಿ ಹೇಳಿದೆ. ಅವನು ನಕ್ಕ.

ಮಂಗಳೂರಿನಲ್ಲಿ ಬೈಕಿನ ಇಸಿಯು, ಅಂದರೆ ಇಂಜಿನ್ನಿಗೆ ಎಷ್ಟು ಪೆಟ್ರೋಲು ಎಂದು ಲೆಕ್ಕ ಹಾಕುವ ಸಣ್ಣ ಕಂಪ್ಯೂಟರಿನ ಕೆಲಸ ಮಾಡುವ ಹುಡುಗನೊಬ್ಬ ಉಂಟೆಂದು ಗೊತ್ತಾದದ್ದು ಆಮೇಲೆ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು, ಮಾತು ಕಡಿಮೆ. ನನ್ನ ನೋಟ್‌ಬುಕ್ಕಿನ ಲೆಕ್ಕ ಎಲ್ಲ ನೋಡಿ, "ಮಾಸ್ಟ್ರೇ, ಉಂದು ಸೈಲೆನ್ಸರ್‌ದ ದೋಷ ಅತ್ತ್," ಅಂದ. ಸೈಲೆನ್ಸರಿನದ್ದಲ್ಲದಿದ್ದರೆ ಯಾರದ್ದು? ಬೆರಕೆಯದ್ದು.

ಅವನು ಹೇಳಿದ್ದನ್ನು ನಾನು ಅರ್ಥಮಾಡಿಕೊಂಡದ್ದು ಅಡಿಕೆ ತೋಟದ ಭಾಷೆಯಲ್ಲಿ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಕಡಿಮೆಯಾದರೆ ಎಳೆ ಕಾಯಿ ಸುಡುತ್ತದೆ. ಹದ ಬಂತೋ ಎಂದು ನೋಡಲು ಅಪ್ಪ ಹೊಳೆಯುವ ಚೂರಿ ಅದ್ದುತ್ತಿದ್ದರು, ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಎಂದರ್ಥ. ಇಂಜಿನ್ನಿನ ಒಳಗೂ ಹೀಗೆಯೇ ಒಂದು ಹದ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಗಾಳಿ ಹೆಚ್ಚಾದರೆ ಲೀನ್, ಪೆಟ್ರೋಲು ಹೆಚ್ಚಾದರೆ ರಿಚ್. ಹೊಗೆಯ ಬಿಸಿ ತುತ್ತತುದಿಗೆ ಏರುವುದು ಈ 14.7ರ ಆಸುಪಾಸಿನಲ್ಲೇ. ಅಲ್ಲಿಂದ ಸ್ವಲ್ಪ ರಿಚ್ ಕಡೆಗೆ ಸರಿದರೆ ಹೆಚ್ಚುವರಿ ಪೆಟ್ರೋಲು ಆವಿಯಾಗುತ್ತ ಬಿಸಿಯನ್ನು ಹೀರಿಕೊಳ್ಳುತ್ತದೆ, ಹೊಗೆ ತಣಿಯುತ್ತದೆ.

ಹಾಗಾದರೆ ಕಂಪೆನಿಯವರು 14.7ರಲ್ಲೇ ಯಾಕೆ ಇಟ್ಟಿದ್ದಾರೆ? ಕ್ಯಾಟಲಿಟಿಕ್ ಕನ್ವರ್ಟರಿಗಾಗಿ. ಜೇನುಗೂಡಿನಂಥ ಹಂದರಕ್ಕೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಬಳಿದ ಅದು ಹೊಗೆಯ ವಿಷವನ್ನು ಚೊಕ್ಕವಾಗಿ ತೆಗೆಯುವುದು ಆ ಹದದಲ್ಲಿ ಮಾತ್ರ. ಅದಕ್ಕೆ ಕೆಲಸ ಶುರುಮಾಡಲೇ ಇನ್ನೂರೈವತ್ತು ಮುನ್ನೂರು ಡಿಗ್ರಿ ಬಿಸಿ ಬೇಕು. ಕೆಲಸ ಮಾಡುತ್ತ ತಾನೂ ಬಿಸಿ ಹುಟ್ಟಿಸುತ್ತದೆ. ನನ್ನ ಬೈಕಿನಲ್ಲಿ ಅದು ಇರುವುದು ಸೈಲೆನ್ಸರಿನ ಒಳಗಲ್ಲ, ಅದಕ್ಕೂ ಮೊದಲು ಕೊಳವೆಯಲ್ಲಿ. ಸರಿಯಾಗಿ ನನ್ನ ಪಾದದ ನೆರೆಮನೆ. ಬುರುಡೆ ಬದಲಿಸಿದರೂ ಬೊಟ್ಟು ಮೂರೇ ಡಿಗ್ರಿ ಇಳಿದ ಗುಟ್ಟು ಇದು.

ಇನ್ನೊಂದು ಸಂಗತಿ ಪಂಪಿನದ್ದು. ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲಿನ ಒಳಗೇ ಆಮ್ಲಜನಕ ಉಂಟು, ಒಂದು ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಹಾಗಾಗಿ ಈ ಬೆರಕೆಯ ಹದ ಸುಮಾರು 13.5ಕ್ಕೆ ಇಳಿಯುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಬೈಕಿನ ಆಕ್ಸಿಜನ್ ಸೆನ್ಸರ್ ಇದನ್ನು ಗಮನಿಸಿ ಪೆಟ್ರೋಲು ಹೆಚ್ಚಿಸಿ ಸರಿದೂಗಿಸುತ್ತದೆ. ಘಾಟಿ ಹತ್ತುವಾಗ, ಓವರ್‌ಟೇಕಿಗೆ ಗಟ್ಟಿಯಾಗಿ ತಿರುಗಿಸಿದಾಗ ಇಸಿಯು ಸೆನ್ಸರಿನ ಮಾತು ಕೇಳದೆ ಎಷ್ಟು ಪೆಟ್ರೋಲು ಬಿಡಬೇಕೆಂದು ಮೊದಲೇ ಬರೆದಿಟ್ಟ ತನ್ನ ಹಳೆಯ ಪಟ್ಟಿಯನ್ನೇ, ಅಂದರೆ ಮ್ಯಾಪನ್ನೇ, ಓದುತ್ತದೆ. ನನ್ನದು 2019ರ ಪಟ್ಟಿ. ಎಥನಾಲ್ ಇಷ್ಟು ಹೆಚ್ಚುತ್ತದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

"ಕ್ಯಾಟ್ ತೆಗೆದು ಹಾಕುವವರಿದ್ದಾರೆ. ಕಾಲಿಗೆ ತಟ್ಟನೆ ಗೊತ್ತಾಗುತ್ತದೆ. ನಾನು ಮಾಡುವುದಿಲ್ಲ," ಎಂದ ಹುಡುಗ. ನಾನೂ ಕೇಳಲಿಲ್ಲ. ನನ್ನ ಕಾಲಿನ ಬಿಸಿಯನ್ನು ಹಿಂದಿನ ಸ್ಕೂಟರಿನವಳ ಮೂಗಿಗೆ ದಾಟಿಸುವುದು ಯಾವ ನ್ಯಾಯ? ಕೊಳವೆಗೆ ಬಟ್ಟೆಯ ಹಾಗೆ ಸುತ್ತುವ ಪಟ್ಟಿಯ ವಿಷಯ ಕೇಳಿದೆ. "ನಿಮ್ಮ ಊರಿನ ಮಳೆಗೆ ಆ ಪಟ್ಟಿ ಒದ್ದೆಯಾಗಿಯೇ ಇರುತ್ತದೆ, ಒಳಗೊಳಗೇ ಕೊಳವೆ ತುಕ್ಕು ತಿನ್ನುತ್ತದೆ," ಅಂದ. ಉಳಿದದ್ದು ಇಸಿಯುವಿಗೂ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿಗೂ ನಡುವೆ ಸಿಕ್ಕಿಸಿ ಪೆಟ್ರೋಲಿನ ಪಾಲು ತಿದ್ದುವ, ಬೇಡವಾದರೆ ಕಳಚುವ ಪಿಗ್ಗಿಬ್ಯಾಕ್ ಪೆಟ್ಟಿಗೆ. ಇದೂ ಕಾನೂನಿನ ಕಣ್ಣಿಗೆ ಪೂರ್ತಿ ಮಡಿ ಎಂದು ನಾನು ವಾದಿಸುವುದಿಲ್ಲ. ಹೊಗೆ ಪರೀಕ್ಷೆಯಲ್ಲಿ ಪಾಸಾಗುವಷ್ಟೇ ಮಾಡಬೇಕು, ಇಲ್ಲದಿದ್ದರೆ ಪೆಟ್ಟಿಗೆ ವಾಪಸ್ ಎಂದು ಮೊದಲೇ ಮಾತಾಯಿತು. 11,000 ಪೆಟ್ಟಿಗೆಗೆ, 5,000 ಅವನ ಕೆಲಸಕ್ಕೆ.

ಬೈಕಿನ ಮೂಲ ಸೆನ್ಸರ್ ಅಪ್ಪನ ಚೂರಿಯ ಹಾಗೆ, ರಿಚ್ ಅಥವಾ ಲೀನ್, ಎರಡೇ ಮಾತು. ಎಷ್ಟು ಎಂದು ಹೇಳಬೇಕಾದರೆ ವೈಡ್‌ಬ್ಯಾಂಡ್ ಸೆನ್ಸರ್ ಬೇಕು, ಮದ್ದಿಗೆ ಈಗ ಹುಡುಗರು ಅದ್ದುವ ಪಿಎಚ್ ಕಾಗದದ ಹಾಗೆ. ಅದರ ತ್ರೆಡ್ಡು 18 ಮಿಲಿಮೀಟರಿನದ್ದು, ಬೈಕಿನಲ್ಲಿರುವ ತೂತು ಸಣ್ಣದು. ಆದ್ದರಿಂದ ಎರಡೂ ಕೊಳವೆ ಕಳಚಿ ಕ್ಯಾಟಿಗಿಂತ ಮೊದಲು ಒಂದೊಂದು ನಟ್ಟು ವೆಲ್ಡ್ ಮಾಡಿಸಬೇಕಿತ್ತು, ಕೆಲಸ ಮುಗಿದ ಮೇಲೆ ಬೋಲ್ಟ್ ಹಾಕಿ ಮುಚ್ಚುವುದು. ಹುಡುಗ ಆ ವಾರ ಊರಲ್ಲಿರಲಿಲ್ಲ. ಅವಸರಕ್ಕೆ ಬಿದ್ದು ನಾನೇ ಒಂದು ವರ್ಕ್‌ಶಾಪಿನಲ್ಲಿ ಕೊಟ್ಟೆ. ಯಾವ ಊರು, ಯಾವುದು ಎಂದು ಬರೆಯುವುದಿಲ್ಲ. ವೆಲ್ಡಿಂಗ್ ಚೊಕ್ಕವಾಗಿತ್ತು. ಸಂಜೆಗೆ ಬೈಕು ಸಿಕ್ಕಿತು.

ಮರುದಿನದಿಂದ ಬಲಗಾಲು ಮೊದಲಿಗಿಂತ ಹೆಚ್ಚು ಸುಡತೊಡಗಿತು. ಸಾಕ್ಸಿನ ಥರ್ಮಾಮೀಟರು 57. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದರೆ ಬಲಬದಿಯಿಂದ ಟಿಕ್ ಟಿಕ್ ಟಿಕ್, ಹೊಲಿಗೆ ಮಿಷನ್ನಿನ ಹಾಗೆ. ಬಿಸಿಯಾದ ಮೇಲೆ ಸದ್ದು ಅಡಗುತ್ತಿತ್ತು. ಲೀಟರಿಗೆ 27 ಸಿಗುತ್ತಿದ್ದದ್ದು 23ಕ್ಕೆ ಇಳಿಯಿತು. ಪೆಟ್ಟಿಗೆ ಇನ್ನೂ ಹಾಕಿಯೇ ಇಲ್ಲ! ಎರಡು ದಿನ ಮಂಡೆ, ಕಾಲು ಎರಡೂ ಬಿಸಿ.

ಶನಿವಾರ ಅಂಗಳದಲ್ಲಿ ಪ್ಲಗ್ ಬಿಚ್ಚಿದೆ. ಎಡಗಡೆಯದ್ದು ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ, ಸರಿಯಾಗಿಯೇ ಇತ್ತು. ಬಲಗಡೆಯದ್ದು ಬಚ್ಚಲ ಮಾಡಿನ ಒಳಮೈಯ ಹಾಗೆ ಕರ್ರಗೆ ಮಸಿ. ಒಂದೇ ಇಂಜಿನ್ನು, ಒಂದೇ ಪೆಟ್ರೋಲು, ಎರಡು ಬಣ್ಣ. ಅರ್ಧ ಗಂಟೆ ಜಗಲಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಆಮೇಲೆ ಟಾರ್ಚ್ ಹಿಡಿದು ಬಲ ಕೊಳವೆ ಇಂಜಿನ್ನಿಗೆ ಸೇರುವ ಬಾಯಿಯನ್ನು ನೋಡಿದರೆ, ಅಲ್ಯೂಮಿನಿಯಮ್ಮಿನ ಮೇಲೆ ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಮಸಿಯ ಗೀರು. ಸಾಬೂನು ನೀರು ಬಿಟ್ಟು, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ, ಮಗನಿಗೆ ಹಳೆ ಬಟ್ಟೆಯಿಂದ ಸೈಲೆನ್ಸರಿನ ಬಾಯಿ ಒಂದು ಕ್ಷಣ ಒತ್ತಿಹಿಡಿಯಲು ಹೇಳಿದೆ. ಬುಸ್ ಎಂದು ಗುಳ್ಳೆ ಎದ್ದವು.

ವರ್ಕ್‌ಶಾಪಿನಲ್ಲಿ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಕೂರಿಸಿದ್ದರು. ಒಮ್ಮೆ ಒತ್ತಿ ಚಪ್ಪಟೆಯಾದದ್ದು ಎರಡನೇ ಸಲ ಮುಚ್ಚುವುದಿಲ್ಲ. ಆ ಸಂದಿಯಿಂದ ಬಿಸಿ ಹೊಗೆ ನೇರ ನನ್ನ ಕಾಲಿಗೆ ಊದುತ್ತಿತ್ತು. ಅದಕ್ಕಿಂತ ಚೋದ್ಯದ್ದು ಇನ್ನೊಂದು. ಹೊಗೆ ಒಂದೇ ಸಮನೆ ಬರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಮುಂದಿರುವ ಸೆನ್ಸರ್ ಆ ಗಾಳಿ ಕಂಡು "ಲೀನ್, ಲೀನ್" ಎಂದು ಬೊಬ್ಬೆ ಹಾಕುತ್ತದೆ, ಇಸಿಯು ನಂಬಿ ಬಲ ಸಿಲಿಂಡರಿಗೆ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಕರಿ ಪ್ಲಗ್ಗು, ಇಳಿದ ಮೈಲೇಜು, ಸುಟ್ಟ ಕಾಲು, ಮೂರಕ್ಕೂ ಮೂಲ ಆ ಉಂಗುರದಂಥ ತುಂಡು. ಹೊಸ ಜೋಡಿ ತರಿಸಿ, ನಟ್ಟುಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಅತ್ತ ಸ್ವಲ್ಪ ಇತ್ತ ಸ್ವಲ್ಪ ಬಿಗಿದು ಕೂರಿಸಿದೆ. ಒಂದು ಸಲ ಬಿಸಿಯಾಗಿ ಆರಿದ ಮೇಲೆ ಮತ್ತೊಮ್ಮೆ ಬಿಗಿದೆ. ಟಿಕ್ ಟಿಕ್ ನಿಂತಿತು. ಸಾಕ್ಸು ಪುನಃ 52. ಇಷ್ಟು ದಿನದ ಹೋರಾಟದಲ್ಲಿ ಹೊರಟಲ್ಲಿಗೇ ಬಂದು ನಿಂತಿದ್ದೆ.

ಟ್ಯೂನಿಂಗ್ ನಡೆದದ್ದು ಮುಂದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಬದಿಯಡ್ಕದಿಂದ ಪೆರ್ಲ, ಅಡ್ಕಸ್ಥಳದ ದಾರಿಯಲ್ಲಿ. ಆ ಹೊತ್ತಿಗೆ ಅಲ್ಲಿ ಹಾಲಿನವರು, ಪೇಪರಿನವರು ಬಿಟ್ಟರೆ ಯಾರೂ ಇರುವುದಿಲ್ಲ, ಏರು ಇಳಿತ ಬೇಕಾದಷ್ಟು. ವೈಡ್‌ಬ್ಯಾಂಡಿನ ತಂತಿ ಟ್ಯಾಂಕಿನ ಮೇಲಿನ ಚೀಲದಲ್ಲಿದ್ದ, ಲೆಕ್ಕ ಬರೆದಿಡುವ ಲಾಗರಿಗೆ. ಹುಡುಗ ಹೇಳಿದ ಹಾಗೆ ನಾನು ಓಡಿಸುವುದು: ಮೂರನೇ ಗೇರಿನಲ್ಲಿ 3,000 ಆರ್‌ಪಿಎಂ, ಕಾಲುಭಾಗ ಆಕ್ಸಿಲರೇಟರ್, ನಾಲ್ಕನೆಯದರಲ್ಲಿ 4,000, ಅರ್ಧ. ಹೋಗಿ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತ ಅವನ ಲ್ಯಾಪ್‌ಟಾಪಿಗೆ ಸಿಕ್ಕಿಸುವುದು, ಅವನು ಪಟ್ಟಿಯಲ್ಲಿ ನಾಲ್ಕು ಚೌಕ ತಿದ್ದುವುದು, ಮತ್ತೆ ಹೋಗುವುದು. ಹನ್ನೊಂದು ಸಲ ಹೋದೆ. ಆರನೇ ಸಲಕ್ಕೆ ಹೋಟೆಲಿನವರು, "ಎಂತ ಮಾಸ್ಟ್ರೇ, ದಾರಿ ತಪ್ಪಿತೋ?" ಎಂದು ಕೇಳಿದರು.

"ಗಾಳಿ-ಪೆಟ್ರೋಲಿನ ನಂಬರ್ ನೋಡಬೇಡಿ, ಅದು ಶುದ್ಧ ಪೆಟ್ರೋಲಿನ ಲೆಕ್ಕ. ಲ್ಯಾಂಬ್ಡಾ ನೋಡಿ," ಎಂದು ಹುಡುಗ ಕಲಿಸಿದ. ಯಾವ ಬೆರಕೆಯೇ ಆಗಲಿ, ಹದ ಸರಿಯಾಗಿದ್ದರೆ 1. ಹೆಚ್ಚಿದ್ದರೆ ಲೀನ್, ಕಡಿಮೆಯಿದ್ದರೆ ರಿಚ್. ಅಡ್ಕಸ್ಥಳದ ಏರಿನಲ್ಲಿ ಅರ್ಧ ತಿರುಗಿಸಿದಾಗ ನನ್ನ ಬೈಕು 0.98 ತೋರಿಸುತ್ತಿತ್ತು. ಅಷ್ಟು ಭಾರ ಎಳೆಯುವಾಗ ಅದು ಲೀನೇ ಸೈ. ಅಲ್ಲಿ 0.90ಕ್ಕೆ, ಪೂರ್ತಿ ತಿರುಗಿಸಿದಲ್ಲಿ 0.87ಕ್ಕೆ ಇಳಿಸಿದ. ಸಮವೇಗದ ಓಟದಲ್ಲಿ 0.97. ನಿಂತಲ್ಲಿ ಮಾತ್ರ ಬಹುಪಾಲು ಮುಟ್ಟಲೇ ಇಲ್ಲ. ಅಲ್ಲಿ ರಿಚ್ ಮಾಡಿದರೆ ಹೊಗೆ ಪರೀಕ್ಷೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಏರುತ್ತದೆ, ಕ್ಯಾಟಿಗೂ ಒಳ್ಳೆಯದಲ್ಲ. ನನಗೆ ಸ್ವಲ್ಪ ನಿರಾಸೆಯಾಯಿತು. ನನ್ನ ಕಾಲು ಸುಡುವುದು ನಿಂತಾಗಲೇ ಅಲ್ಲವೇ? "ನಿಂತ ಬೈಕನ್ನು ತಣಿಸುವ ಮ್ಯಾಪ್ ಇಲ್ಲ ಮಾಸ್ಟ್ರೇ," ಅಂದ. "ಓಡುವಾಗ ಕಡಿಮೆ ಕಾದರೆ ನಿಂತಾಗ ಕಡಿಮೆ ಬಿಸಿಯಿಂದ ಶುರುವಾಗುತ್ತದೆ. ಅಷ್ಟೇ."

ಅಷ್ಟೇ ಎಂದದ್ದು ಎಷ್ಟೆಂದರೆ: ಕೊಳವೆಯ ಬೊಟ್ಟು 312ರಿಂದ 286ಕ್ಕೆ, ಕವರು 118ರಿಂದ 111ಕ್ಕೆ, ಸಾಕ್ಸು 49. ಓಡಿಸುವ ಸುಖ ಬೇರೆಯೇ. ಎರಡನೇ ಗೇರಿನಲ್ಲಿ ನಿಧಾನ ಹೋಗುವಾಗ ಇದ್ದ ಆ ಬಿಕ್ಕಳಿಕೆ ಹೋಯಿತು. ಹೊಗೆ ಪರೀಕ್ಷೆಯೂ ಪಾಸು. ಮೈಲೇಜು 27 ಇದ್ದದ್ದು 25 ಆಯಿತು. ತಂಪು ಮಾಡಲು ಸುರಿಯುವುದು ಪೆಟ್ರೋಲನ್ನೇ ಆದಮೇಲೆ ಅದರ ಬಿಲ್ಲು ಎಲ್ಲಾದರೂ ಬರಲೇಬೇಕು.

ಆಯಿಲ್ ಕೂಲರಿನ ಸಂಗತಿ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಎಂಜಿನ್ ಆಯಿಲ್, 10ಡಬ್ಲ್ಯೂ-50, ಬದಲಿಸುವಾಗ ಎದುರಿನ ಚಕ್ರದ ಹಿಂದೆ ಕೈ ಹೋಯಿತು. ಬೆರಳು ಕೆಂಪಾಯಿತು. ಹೆದ್ದಾರಿಗಾಗಿ ಗುಡ್ಡೆ ಕಡಿದ ಮುರಕಲ್ಲಿನ ಹುಡಿ, ಮಳೆನೀರಿಗೆ ಕಲಸಿ, ಬಿಸಿಗೆ ಒಣಗಿ, ಕೂಲರಿನ ಸಂದಿಗಳಲ್ಲಿ ಇಟ್ಟಿಗೆಯ ಹಾಗೆ ಕೂತಿತ್ತು. ಕೆಳಗಿನ ಅರ್ಧಭಾಗದಲ್ಲಿ ಬೆಳಕೇ ದಾಟುತ್ತಿರಲಿಲ್ಲ. ಪ್ರೆಷರ್ ವಾಶ್ ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿಹೋಗುತ್ತವೆ. ಬಕೆಟಿನಲ್ಲಿ ಸಾಬೂನು ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ತೆಂಗಿನ ಗರಿಯ ಕಡ್ಡಿ. ಒಂದೂವರೆ ಗಂಟೆ ಕೂತು ಒಂದೊಂದೇ ಸಂದಿ ಬಿಡಿಸಿದೆ. ಅಂಗಳದಲ್ಲಿ ಕೆಂಪು ನೀರಿನ ತೋಡೇ ಹರಿಯಿತು. ಸೋಮವಾರ ಕವರಿನ ಬೊಟ್ಟು 104, ಸಾಕ್ಸು 46. ನೋಟ್‌ಬುಕ್ಕಿನಲ್ಲಿ ಈ ಸಾಲು ಬರೆಯುವಾಗ ಇದನ್ನು ಮೊದಲೇ ಮಾಡಿದ್ದರೆ ಪೆಟ್ಟಿಗೆ ಬೇಕಿತ್ತೇ ಎಂಬ ಪ್ರಶ್ನೆ ಬಂತು. ಪುಟ ಮಗುಚಿದೆ.

ಮೇ ತಿಂಗಳಲ್ಲಿ ನನ್ನವಳನ್ನು ಒಪ್ಪಿಸಿ ಮಡಿಕೇರಿಗೆ ಹೊರಟೆವು. ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ. ಹಿಂದೆ ಸಂಪಾಜೆಯ ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದರೆ ಮೂರನೇ ತಿರುವಿಗೇ ಅವಳು ಕಾಲು ಅಗಲಿಸಿ ಕೂರುತ್ತಿದ್ದಳು. ಈ ಸಲ ಮೇಲೆ ತಲಪುವವರೆಗೆ ಏನೂ ಹೇಳಲಿಲ್ಲ. ಕಿತ್ತಳೆ ರಸ ಕುಡಿಯಲು ನಿಲ್ಲಿಸಿದಾಗ, ಹೇಗಿತ್ತು ಎಂದು ನಾನಾಗಿ ಕೇಳಿದೆ.

"ಬಚ್ಚಲೊಲೆ ನಂದಿದ್ದು. ಕೆಂಡ ಇದ್ದು," ಎಂದಳು.

ಸರಿಯಾದ ಲೆಕ್ಕವೇ. ಗಾಳಿಯಿಂದ ತಣಿಯುವ ಇಂಜಿನ್ನನ್ನು ಕರಾವಳಿಯ ಎಪ್ರಿಲ್ ತಿಂಗಳಲ್ಲಿ ನಿಲ್ಲಿಸಿಕೊಂಡು ಉರಿಸಿದರೆ ಅದು ಬಿಸಿಯಾಗಿಯೇ ಇರುತ್ತದೆ. ಉಪ್ಪಳದ ಸಾಲಿನಲ್ಲಿ ಈಗ ನಾನು ಒಂದು ನಿಮಿಷ ದಾಟಿತೆಂದರೆ ಕೀ ತಿರುಗಿಸಿಬಿಡುತ್ತೇನೆ. ಇದನ್ನು ಕಲಿಸಿದ್ದು ಟ್ಯೂನರ್ ಅಲ್ಲ, ಪಕ್ಕದಲ್ಲಿ ನಿಂತಿದ್ದ ಒಬ್ಬ ಆಟೋದವನು. "ಮಾಷೇ, ಓಫಾಕ್ಕ್," ಎಂದು ಅವನು ಕೈಸನ್ನೆ ಮಾಡಿದ್ದು ಅವನ ಆಟೋದ ಒಳಗೆ ನನ್ನ ಬೈಕಿನ ಬಿಸಿ ಬರುತ್ತಿದ್ದದ್ದಕ್ಕೆ. ನಾನು ನನ್ನ ಒಂದು ಕಾಲಿನ ಲೆಕ್ಕ ಇಡುತ್ತಿದ್ದೆ, ಅವನ ಆಟೋದಲ್ಲಿ ಮೂವರು ಕೂತಿದ್ದರು.

ಮೊನ್ನೆ ಸೀತಾಂಗೋಳಿಯಲ್ಲಿ ಬೈಕು ತೊಳೆಯಲು ಕೊಟ್ಟಿದ್ದೆ. ಚಹಾ ಕುಡಿದು ಬರುವಾಗ ತೊಳೆಯುವ ಹುಡುಗ ಬಲಬದಿಯ ಕವರಿನ ಮೇಲಿನ ಕಪ್ಪು ಬೊಟ್ಟನ್ನು ಉಗುರಿನಲ್ಲಿ ಕೆರೆದು ನೋಡಿ, ಹೋಗದೆ, ಥಿನ್ನರಿನ ಬಾಟಲಿ ತೆಗೆದಿದ್ದ. ಓಡಿಹೋಗಿ ಕೈ ಹಿಡಿದೆ. ಅದು ಕೊಳೆಯಲ್ಲ ಮಾರಾಯ, ದೃಷ್ಟಿಬೊಟ್ಟು ಅಂದೆ. ಅವನು ನಂಬಿದ.